ಮಳೆನೀರು ಫಿಲ್ಟರ್, ಬಾವಿ ರೀಚಾರ್ಜ್: ತೀರ್ಥಹಳ್ಳಿ ಕಡೆ ಹೆಂಚಿನ ಮನೇಲಿ ಒಂದು ವರ್ಷ ಬಳಸಿದ ಮೇಲೆ

ಮಾಡಿನ (ಹೆಂಚಿನ ಸೂರಿನ) ಮಳೆನೀರನ್ನ ಸೋಸಿ ಬಾವಿಗೆ ಬಿಡೋ ಫಿಲ್ಟರ್ ಇದು. ಮೊದ್ಲೇ ಸ್ಟಾರ್ ಹೇಳ್ಬಿಡ್ತೀನಿ. ಫಿಲ್ಟರ್‌ಗೆ ಐದಕ್ಕೆ ನಾಲ್ಕು, ಫಿಟ್ ಮಾಡಿಕೊಟ್ಟ ಹುಡುಗ್ರ ಕೆಲಸಕ್ಕೂ ನಾಲ್ಕು, ಮಾರೋವಾಗ ಹೇಳಿದ ಮಾತಿಗೆ ಎರಡೇ. ಆ ಎರಡು ಎಂತಕೆ ಅಂತ ಮುಂದೆ ಬರ್ದಿದೀನಿ. ಮಲೆನಾಡಲ್ಲಿ ಇದನ್ನ ಹಾಕಿಸ್ಬೇಕು ಅಂತಿರೋರು ಸ್ವಲ್ಪ ಉದ್ದ ಆದ್ರೂ ಪೂರ್ತಿ ಓದಿ, ಯಾಕಂದ್ರೆ ಹುಡುಕಿದ್ರೆ ಸಿಗೋ ರಿವ್ಯೂ ಎಲ್ಲಾ ಬೆಂಗಳೂರಿನ ಟೆರೇಸ್ ಮನೆಯವ್ರು ಬರ್ದಿದ್ದು, ಅಲ್ಲಿನ ಮಳೆಗೂ ಇಲ್ಲಿನ ಮಳೆಗೂ, ಅಲ್ಲಿನ ಮಣ್ಣಿಗೂ ಇಲ್ಲಿನ ಮಣ್ಣಿಗೂ ಸಂಬಂಧನೇ ಇಲ್ಲ.

ನಮ್ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗೋ ದಾರೀಲಿ, ಟಾರ್ ರೋಡ್ ಬಿಟ್ಟು ಒಳಗೆ. ನಾನು ಇರೋದು ಶಿವಮೊಗ್ಗದಲ್ಲಿ, ಶನಿವಾರ ಸಂಜೆ ಬಸ್ಸಿಗೆ ಊರು, ಸೋಮವಾರ ಬೆಳಗಿನ ಬಸ್ಸಿಗೆ ವಾಪಸ್. ಮನೇಲಿ ಅಪ್ಪಯ್ಯ, ಅಮ್ಮ, ತಮ್ಮ, ಅವನ ಹೆಂಡ್ತಿ, ಎರಡು ದನ, ಒಂದು ಕರು. ಆಗುಂಬೇಲಿ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ ಬೀಳತ್ತೆ ಅಂತ ಎಲ್ಲರಿಗೂ ಗೊತ್ತು, ನಮ್ಮಲ್ಲಿ ಅಷ್ಟಿಲ್ಲ, ಆದ್ರೂ ಮಳೆಗಾಲ ಸರಿಯಾಗಿ ಹಿಡಿದ್ರೆ 3000ಕ್ಕೆ ಮೋಸ ಇಲ್ಲ. ಅಂಗಳದಲ್ಲಿ ಪಾಚಿ ಕಟ್ಟಿ ನಾಲ್ಕು ತಿಂಗಳು ಕಾಲಿಡಕ್ಕಾಗಲ್ಲ ಅಂತ ಅಡಿಕೆ ದಬ್ಬೆ ಹಾಸಿಕೊಂಡು ಓಡಾಡೋ ಊರು ಇದು. ಇಂಥಾ ಊರಲ್ಲಿ 2024ರ ಶಿವರಾತ್ರಿಗೆ ಇನ್ನೂ ವಾರ ಇರೋವಾಗ್ಲೇ ನಮ್ಮ ಬಾವಿ ತಳ ಕಾಣ್ತು. ಅಮ್ಮ ಬೆಳಿಗ್ಗೆ ಕೊಡಪಾನ ಇಳಿಸಿದ್ರೆ ನೀರಿನ ಸದ್ದು ಬರೋ ಬದ್ಲು ಠಣ್ ಅಂತ ಕಲ್ಲಿಗೆ ಬಡಿದ ಸದ್ದು ಬಂತಂತೆ, ಫೋನ್ ಮಾಡಿ ಅದನ್ನೊಂದೇ ಹೇಳಿದ್ಲು, "ಕೊಡಪಾನ ಕಲ್ಲಿಗೆ ತಾಗ್ತು ಮಗಾ" ಅಂತ. ಅಪ್ಪಯ್ಯಂಗೆ ಎಪ್ಪತ್ತೆರಡು ವರ್ಷ, ಅವ್ರ ನೆನಪಲ್ಲಿ ಈ ಬಾವಿ ಶಿವರಾತ್ರಿಗೆ ಬತ್ತಿದ್ದು ಇಲ್ವೇ ಇಲ್ಲ. ಹೌದು, ಹಿಂದಿನ ವರ್ಷ, 2023ರಲ್ಲಿ, ಮಳೆ ಕೈಕೊಟ್ಟಿತ್ತು, ರಾಜ್ಯದ 236 ತಾಲ್ಲೂಕಲ್ಲಿ 223 ಬರ ಅಂತ ಸರ್ಕಾರನೇ ಘೋಷಣೆ ಮಾಡಿದ ವರ್ಷ ಅದು. ಆದ್ರೆ ಬರ ಹಿಂದೆನೂ ಬಂದಿತ್ತು, ಬಾವಿ ಹಿಂಗೆ ಕೈಬಿಟ್ಟಿರ್ಲಿಲ್ಲ.

ಮೊದ್ಲು ನಾವು ಮಾಡಿದ್ದು ಎಲ್ಲರೂ ಮಾಡೋದನ್ನೇ, ಬೋರ್. ಅದರ ಬಗ್ಗೆನೂ ಎರಡು ಮಾತು ಬರೀಲೇಬೇಕು, ಯಾಕಂದ್ರೆ ಫಿಲ್ಟರ್‌ಗೆ ಕೊಟ್ಟ ದುಡ್ಡು ಜಾಸ್ತಿನಾ ಕಮ್ಮಿನಾ ಅನ್ನೋದು ಅದರ ಜೊತೆ ಇಟ್ಟು ನೋಡಿದಾಗ್ಲೇ ತಿಳಿಯೋದು. ಪಾಯಿಂಟ್ ನೋಡೋರು ಬಂದ್ರು, ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಹಿತ್ತಲೆಲ್ಲಾ ಸುತ್ತಿದ್ರು, ಹಲಸಿನ ಮರದ ಹತ್ರ ಕಾಯಿ ಎದ್ದು ನಿಂತ್ಕೊಂತು, 250 ಅಡಿಗೆ ಎರಡು ಇಂಚು ನೀರು ಗ್ಯಾರಂಟಿ ಅಂದ್ರು. ರಾತ್ರಿ ಹನ್ನೊಂದಕ್ಕೆ ಲಾರಿ ಬಂತು. 250 ಆಯ್ತು, 400 ಆಯ್ತು, ಬರೀ ಧೂಳು, ಬಿಳಿ ಧೂಳು, ಬೆಳಗಾಗೋ ಹೊತ್ತಿಗೆ ಕಾಫಿ ಗಿಡ, ಕೊಟ್ಟಿಗೆ ಮಾಡು, ಕಟ್ಟಿದ್ದ ದನದ ಬೆನ್ನು ಎಲ್ಲಾ ಬೂದಿ ಬಳಿದಂಗೆ. 620ಕ್ಕೆ ನಿಲ್ಸಿ ಅಂತ ಅಪ್ಪಯ್ಯನೇ ಕೈ ಮುಗಿದ್ರು. ಏಜೆಂಟ್ ಫೋನಲ್ಲಿ ಅಡಿಗೆ ಒಂದು ರೇಟು ಹೇಳಿದ್ದ, 300 ಅಡಿ ದಾಟಿದ ಮೇಲೆ ನೂರು ನೂರು ಅಡಿಗೂ ರೇಟು ಏರತ್ತೆ ಅನ್ನೋದನ್ನ ಬಿಲ್ ಬರೆಯೋವಾಗ ಹೇಳಿದ. ನಮ್ಮಲ್ಲಿ ಮೇಲಿನ ಮಣ್ಣು ಮೆತ್ತಗೆ, ಕುಸಿಯತ್ತೆ, ಹಂಗಾಗಿ ಕೇಸಿಂಗ್ ಪೈಪೇ 140 ಅಡಿ ಇಳೀತು, ಅದರ ದುಡ್ಡು ಬೇರೆ. ಒಟ್ಟು 1,18,000 ರೂಪಾಯಿ, ನೀರು ಒಂದು ಹನಿ ಇಲ್ಲ. ಅದು ಯಾವ ಕಂಪ್ನಿ ಅಂತ ಬರೆಯಲ್ಲ, ಒಬ್ಬರ ಹೆಸರು ಹೇಳಿ ಉಪಯೋಗ ಇಲ್ಲ, ಬೋರ್ ಹೊಡೆಸಿದವ್ರನ್ನ ಯಾರನ್ನ ಕೇಳಿದ್ರೂ ಇದೇ ಕಥೆ ಹೇಳ್ತಾರೆ. ಕೇಳ್ಕೊಳ್ಳೋದಿಷ್ಟೇ, ಲಾರಿ ಅಂಗಳಕ್ಕೆ ಬರೋ ಮುಂಚೆ ಎಷ್ಟು ಅಡಿಯಿಂದ ಎಷ್ಟಕ್ಕೆ ಯಾವ ರೇಟು, ಕೇಸಿಂಗ್ ಅಡಿಗೆ ಎಷ್ಟು ಅಂತ ಕಾಗದದ ಮೇಲೆ ಬರೆಸ್ಕೊಳ್ಳಿ.

ಲಾರಿ ಹೊರಡೋವಾಗ ಆ ಏಜೆಂಟ್ ಒಂದು ಮಾತು ಹೇಳಿದ, "ಎಂತ ಮಾಡೋದು ಸಾರ್, ಜನಸಂಖ್ಯೆ ಜಾಸ್ತಿ ಆಯ್ತು, ನೀರು ಎಲ್ಲಿಂದ ಬರ್ಬೇಕು" ಅಂತ. ಎರಡು ತಿಂಗಳು ಬಿಟ್ಟು ಫಿಲ್ಟರ್ ಮಾರಕ್ಕೆ ಬಂದವ್ರೂ ಅದೇ ಮಾತಿಂದ ಶುರು ಮಾಡಿದ್ರು. ಬಸ್ಸಲ್ಲಿ, ಸೊಸೈಟೀಲಿ, ಮದುವೆ ಮನೆ ಪಂಕ್ತೀಲಿ ಎಲ್ಲಾ ಕಡೆ ಇದೇ ಮಾತು. ನಂಗೆ ಇದು ತಲೇಲಿ ಕೊರೀತಾ ಇತ್ತು, ಯಾಕಂದ್ರೆ ನಮ್ಮೂರಲ್ಲಿ ಜನ ಎಲ್ಲಿದಾರೆ? ನಾನು ಓದಿದ ಪ್ರೈಮರಿ ಸ್ಕೂಲಲ್ಲಿ ಆಗ ಅರವತ್ತು ಮಕ್ಕಳು, ಈಗ ಒಂಬತ್ತು. ನಮ್ಮ ಮನೇಲಿ ಅಜ್ಜನ ಕಾಲಕ್ಕೆ ಹದಿನಾಲ್ಕು ಜನ ಇದ್ರು, ಇದೇ ಬಾವಿ, ಹಗ್ಗ ರಾಟೆ, ಇಡೀ ಬೇಸಿಗೆ ನಡೀತಿತ್ತು. ಈಗ ನಾಲ್ಕು ಜನ.

ಸರಿ ಅಂತ ಲೆಕ್ಕ ತೆಗೆದು ನೋಡ್ದೆ. 2021ರಲ್ಲಿ ಆಗ್ಬೇಕಿದ್ದ ಜನಗಣತಿ ಆಗಿಲ್ಲ, ಹಂಗಾಗಿ ಕೈಲಿರೋದು 2011ರದ್ದೇ. 2001ರಲ್ಲಿ ಶಿವಮೊಗ್ಗ ಜಿಲ್ಲೆ 16.4 ಲಕ್ಷ, 2011ಕ್ಕೆ 17.5 ಲಕ್ಷ, ಅಂದ್ರೆ ಹತ್ತು ವರ್ಷಕ್ಕೆ ನೂರಕ್ಕೆ ಏಳರ ಒಳಗೇ. ಅದೇ ಹತ್ತು ವರ್ಷದಲ್ಲಿ ಇಡೀ ಕರ್ನಾಟಕ ನೂರಕ್ಕೆ ಹದಿನೈದೂವರೆ ಬೆಳೀತು. ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಹೋಯ್ತು. ಅಂದ್ರೆ ತಲೆ ಎಣಿಸಿದ್ರೆ ಜನ ಹೆಚ್ಚಿದ್ದು ಅಲ್ಲಿ, ನಮ್ಮೂರ ಮಕ್ಕಳೇ ಹೋಗಿ ಅಲ್ಲಿ ಲೆಕ್ಕಕ್ಕೆ ಸೇರಿದಾರೆ. ಇನ್ನು ಹುಟ್ಟೋದರ ಲೆಕ್ಕ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು, ಜನಸಂಖ್ಯೆ ಇದ್ದಷ್ಟೇ ಇರ್ಬೇಕು ಅಂದ್ರೂ 2.1 ಬೇಕಂತೆ.

ದೇಶದ ಮಟ್ಟಕ್ಕೆ ಹೋದ್ರೆ ಏಜೆಂಟ್ ಹೇಳಿದ್ದು ಸುಳ್ಳಲ್ಲ, ಅದನ್ನೂ ಒಪ್ಕೋಬೇಕು. 1951ರಲ್ಲಿ ತಲೆಗೆ ವರ್ಷಕ್ಕೆ 5177 ಘನ ಮೀಟರ್ ನೀರು ಅಂತ ಸರ್ಕಾರದ ಲೆಕ್ಕ, 2011ಕ್ಕೆ ಅದು 1545. ಆಗ ದೇಶದಲ್ಲಿ 36 ಕೋಟಿ ಜನ, 2011ರಲ್ಲಿ 121 ಕೋಟಿ. ಎರಡನ್ನೂ ಗುಣಿಸಿ ನೋಡಿ, ಒಟ್ಟು ನೀರು ಹೆಚ್ಚೂಕಮ್ಮಿ ಅಷ್ಟಕ್ಕಷ್ಟೇ ಇದೆ, ಪಾಲುದಾರರು ಜಾಸ್ತಿ ಆಗಿದಾರೆ. ಹಂಗಂತ ಇಡೀ ದೇಶದ ಲೆಕ್ಕ ತಂದು ನಮ್ಮ ಹಿತ್ತಲ ಬಾವಿ ಮೇಲೆ ಹೊರಿಸಿದ್ರೆ ನಮ್ಮ ತಪ್ಪು ನಮಗೆ ಕಾಣೋದೇ ಇಲ್ಲ.

ನಮ್ಮಲ್ಲಿ ಹೆಚ್ಚಾಗಿದ್ದು ನೀರು ಕುಡಿಯೋ ಬಾಯಿ, ಅದು ಮನುಷ್ಯರದ್ದಲ್ಲ. ಮೊದ್ಲು ತೋಟ ಅಂದ್ರೆ ಕಣಿವೇಲಿ, ತಂಪಿನ ಜಾಗದಲ್ಲಿ, ಬೇಸಿಗೇಲೂ ನೆಲದಲ್ಲೇ ಪಸೆ ಇರ್ತಿತ್ತು, ನೀರು ಹಾಕೋ ತಲೆಬಿಸಿ ಕಮ್ಮಿ. ಅಡಿಕೆಗೆ ರೇಟು ಬಂದ ಮೇಲೆ ಗದ್ದೆ ತೋಟ ಆಯ್ತು, ಹುಲ್ಲು ಬೆಳೆಯೋ ಬ್ಯಾಣ ತೋಟ ಆಯ್ತು, ಗುಡ್ಡದ ನೆತ್ತಿ ಮೇಲೂ ಅಡಿಕೆ ಸಸಿ ಬಂತು. ಬೇಸಿಗೇಲಿ ಡ್ರಿಪ್ ಹಾಕಿದ್ರೂ ಮರಕ್ಕೆ ದಿನಕ್ಕೆ 15-20 ಲೀಟರ್ ಬೇಕು. ಎಕರೆಗೆ ಸುಮಾರು 540 ಮರ, 15 ಅಂತ್ಲೇ ಹಿಡಿದ್ರೂ ದಿನಕ್ಕೆ 8000 ಲೀಟರ್ ಮೇಲಾಯ್ತು. ಜಲಜೀವನ್ ಮಿಷನ್ ಲೆಕ್ಕದಲ್ಲಿ ಹಳ್ಳೀಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಭಾಗಿಸಿ ನೋಡಿ, ಗುಡ್ಡದ ಮೇಲಿನ ಒಂದು ಎಕರೆ ಹೊಸ ತೋಟ ಅಂದ್ರೆ ಬೇಸಿಗೇಲಿ ನಮ್ಮೂರಿಗೆ ಸುಮಾರು 150 ಜನ ಹೊಸದಾಗಿ ಬಂದು ಕೂತಂಗೆ. ನಮ್ಮದೂ ಒಂದೂವರೆ ಎಕರೆ ಹಂಗೇ ಇದೆ, ಗದ್ದೆ ಮುಚ್ಚಿ ಮಾಡಿದ್ದು, ನಾನೇ ಅಪ್ಪಯ್ಯಂಗೆ ಹಟ ಹಿಡಿದು ಹಾಕಿಸಿದ್ದು. ಗದ್ದೆ ಇದ್ದಾಗ ಆಷಾಢದಿಂದ ಕಾರ್ತೀಕದವರೆಗೆ ಬದು ಕಟ್ಟಿ ನೀರು ನಿಲ್ಲಿಸ್ತಿದ್ವಿ, ಆ ನೀರು ಅಲ್ಲೇ ಇಂಗ್ತಾ ಇತ್ತು, ಕೆಳಗಿನ ಬಾವಿಗಳಿಗೆ ಅದೇ ಆಧಾರ. ತೋಟ ಮಾಡಿದ ಮೇಲೆ ನೀರು ನಿಂತ್ರೆ ಬೇರು ಕೊಳೆಯತ್ತೆ ಅಂತ ಉದ್ದಕ್ಕೆ ಬಸಿಗಾಲುವೆ ಹೊಡೆದು ಬಿದ್ದ ನೀರನ್ನೆಲ್ಲಾ ಹಳ್ಳಕ್ಕೆ ಕಳಿಸ್ತೀವಿ. ಇದು ಗೊತ್ತಾದ ದಿನ ನಂಗೆ ರಾತ್ರಿ ನಿದ್ದೆ ಬಂದಿಲ್ಲ, ನಿಜ ಹೇಳ್ತೀನಿ.

ಮನೆ ಒಳಗೂ ಹಂಗೇ. ಒಂದು ವಾರ ಟ್ಯಾಂಕ್ ತುಂಬೋ ಲೆಕ್ಕ ಬರ್ದಿಟ್ಟೆ. 1000 ಲೀಟರ್ ಟ್ಯಾಂಕ್, ದಿನಕ್ಕೆ ಒಂದು ಸಲ, ಭಾನುವಾರ ಎರಡು ಸಲ. ಹಗ್ಗ ಎಳೆಯೋವಾಗ ಪ್ರತಿ ಕೊಡಪಾನಕ್ಕೂ ತೋಳು ನೋಯ್ತಿತ್ತು, ಹಂಗಾಗಿ ಬಚ್ಚಲ ನೀರು ಬಾಳೆ ಬುಡಕ್ಕೆ, ಅಕ್ಕಿ ತೊಳೆದ ನೀರು ದನದ ಅಕ್ಕಚ್ಚಿಗೆ. ಈಗ ಸ್ವಿಚ್ ಒತ್ತಿದ್ರೆ ಆಯ್ತು.

ಈಗ ಫಿಲ್ಟರ್ ವಿಷಯ.

ನಾನು ಹಾಕಿಸಿದ್ದು ಗೋಡೆಗೆ ಕೂರಿಸೋ ಟೈಪ್, ಒಳಗೆ ಸ್ಟೀಲ್ ಬಲೆ. ಮಾಡಿನ ನೀರು ಅಂಚಿಗೆ ಕಟ್ಟಿದ ದೋಣಿಗೆ ಬಿದ್ದು, ನಾಲ್ಕು ಇಂಚಿನ ಪೈಪಲ್ಲಿ ಇಳಿದು ಫಿಲ್ಟರ್ ಒಳಗೆ ಸುತ್ತು ಹೊಡೆಯತ್ತೆ, ಸ್ವಚ್ಛ ನೀರು ಬಲೆ ದಾಟಿ ಒಂದು ಪೈಪಿಗೆ, ಕಸ ಮತ್ತೆ ಸ್ವಲ್ಪ ನೀರು ಇನ್ನೊಂದು ಪೈಪಿಂದ ಹೊರಗೆ. ಕರೆಂಟ್ ಬೇಡ, ಮರಳು ಜಲ್ಲಿ ತುಂಬೋ ಕೆಲಸ ಇಲ್ಲ. ಫಿಲ್ಟರ್ ಮುಂಚೆ ಒಂದು ವಾಲ್ವ್ ಇದೆ, ಮೊದಲ ಮಳೆ ನೀರನ್ನ ಹೊರಗೆ ಬಿಡಕ್ಕೆ. ಫಿಲ್ಟರ್, ದೋಣಿ, ಪೈಪು, ಬಾವಿಗೆ ಇಳಿಸೋ ಪೈಪು, ಕೂಲಿ ಎಲ್ಲಾ ಸೇರಿ 41,000 ಆಯ್ತು, 2024ರ ಮೇ ಕೊನೇಲಿ. ಮೂರು ದಿನದ ಕೆಲಸ ಅಂದಿದ್ರು, ನಾಲ್ಕು ದಿನ ಆಯ್ತು, ಅದು ಅವ್ರ ತಪ್ಪಲ್ಲ, ನಮ್ಮ ಮನೆ ಹೆಂಚು ಹೊರೋ ರೀಪು ಹಳೇದು, ದೋಣಿ ಕ್ಲಾಂಪ್ ಹಿಡಿಯೋ ಜಾಗದಲ್ಲಿ ಮರ ಪುಡಿ ಪುಡಿ ಆಗಿತ್ತು. ಕೆಲಸಕ್ಕೆ ಬಂದಿದ್ದ ಇಬ್ಬರು ಹುಡುಗ್ರು ಭಾಳ ಅಚ್ಚುಕಟ್ಟು, ದೋಣಿ ಇಳಿಜಾರು ಸರಿ ಇದೆಯಾ ಅಂತ ನೋಡಕ್ಕೆ ಪೈಪಿಗೆ ನೀರು ತುಂಬಿ ಮಟ್ಟ ಹಿಡಿದು ನೋಡಿದ್ರು, ಅಮ್ಮ "ಊಟ ಮಾಡ್ಕಂಡು ಹೋಗಿ ಮಕ್ಳೇ" ಅಂದ್ರೆ "ಇದೊಂದು ಜಾಯಿಂಟ್ ಮುಗಿಸ್ತೀವಿ ಅಮ್ಮಾ, ಮಳೆ ಬಂದ್ರೆ ಗಮ್ ಹಿಡಿಯಲ್ಲ" ಅಂತ ಮುಗಿಸಿಯೇ ಎದ್ದಿದ್ದು.

ಮೊದಲ ಮಳೆಗೆ ನಾನು ಊರಲ್ಲೇ ಇದ್ದೆ. ವಾಲ್ವ್ ತೆಗೆದಿಟ್ಟಿದ್ವಿ, ಪೈಪಿಂದ ಬಂದ ನೀರು ಕಾಫಿ ಡಿಕಾಕ್ಷನ್ ಕಂಡಂಗೆ, ಹೆಂಚಿನ ಮೇಲಿನ ಒಣ ಪಾಚಿ, ಹಕ್ಕಿ ಹಿಕ್ಕೆ, ಒಲೆ ಹೊಗೆ ಮಸಿ, ಹಲಸಿನ ಹೂವಿನ ಪುಡಿ ಎಲ್ಲಾ ಕೂಡಿ. ಹತ್ತು ನಿಮಿಷಕ್ಕೆ ಚಹಾ ಬಣ್ಣ ಆಯ್ತು, ಅರ್ಧ ಗಂಟೆಗೆ ತಿಳಿ. ಆಮೇಲೆ ವಾಲ್ವ್ ಮುಚ್ಚಿ ಬಾವಿಗೆ ಬಿಟ್ವಿ. ಬಾವಿ ಕಟ್ಟೆ ಮೇಲೆ ಕೂತು ಅಪ್ಪಯ್ಯ ಒಳಗೆ ನೋಡ್ತಾ ಇದ್ರು, ಪೈಪಿಂದ ನೀರು ಬೀಳೋ ಸದ್ದು ಕೇಳಿ ಮಾತಾಡದೆ ಭಾಳ ಹೊತ್ತು ಅಲ್ಲೇ ಕೂತಿದ್ರು. ಬತ್ತಿದ ಬಾವೀಲಿ ನೀರಿನ ಸದ್ದು ಕೇಳೋದು ಅಂದ್ರೆ ಎಂತ ಅಂತ ಅನುಭವಿಸಿದವ್ರಿಗೇ ಗೊತ್ತು.

ಇಲ್ಲಿಂದ ತೊಂದ್ರೆಗಳು. ಆರಿದ್ರಾ ಮಳೆ ಹಿಡಿದಾಗ ಗೊತ್ತಾಯ್ತು, ಈ ಸೈಜಿನ ಫಿಲ್ಟರ್ ನಮ್ಮ ಮಳೆಗೆ ಸಾಲಲ್ಲ. 1500 ಚದರ ಅಡಿ ಮಾಡಿಗೆ ಒಂದು ಸಾಕು ಅಂತ ಅವ್ರ ಚಾರ್ಟಲ್ಲಿ ಇತ್ತು, ಅದು ಬಯಲುಸೀಮೆ ಮಳೆ ಲೆಕ್ಕ ಇರ್ಬೇಕು. ಇಲ್ಲಿ ಗಾಳಿ ಸೇರಿ ಹೊಡೆದ್ರೆ ಪೈಪ್ ತುಂಬಿ ಬರತ್ತೆ, ಬಲೆ ದಾಟಕ್ಕೆ ಪುರುಸೊತ್ತೇ ಇಲ್ಲ, ಅರ್ಧಕ್ಕರ್ಧ ಕಸದ ಪೈಪಿಂದ ಹೊರಗೆ ಹೋಗ್ತಿತ್ತು, ದೋಣಿ ಮೂಲೇಲಿ ಉಕ್ಕಿ ಗೋಡೆ ನೆನೀತು. ಫೋನ್ ಮಾಡಿದ್ರೆ ಇದು ನಾರ್ಮಲ್ ಅಂದ್ರು. ಎರಡು ವಾರ ಬೆನ್ನು ಹತ್ತಿದ ಮೇಲೆ ಬಂದು ನೋಡಿದ್ರು, ಇನ್ನೊಂದು ಫಿಲ್ಟರ್ ಹಾಕಿ ಮಾಡಿನ ನೀರು ಎರಡು ಪಾಲು ಮಾಡ್ಬೇಕು ಅಂದ್ರು. ಅದಕ್ಕೆ 12,500, ಕೂಲಿ ಮಾತ್ರ ಬಿಟ್ಟುಕೊಟ್ರು. ಮೊದ್ಲೇ ಹೇಳಿದ್ರೆ ಗೋಡೆ ಉಳೀತಿತ್ತು. ಹಂಗಾಗಿ ಮಲೆನಾಡಲ್ಲಿ ಹಾಕಿಸೋರು ಚಾರ್ಟಲ್ಲಿ ಬರ್ದಿರೋ ಅಳತೆಯ ಅರ್ಧ ಮಾಡಿಗೆ ಒಂದು ಫಿಲ್ಟರ್ ಅಂತ ಲೆಕ್ಕ ಹಾಕ್ಕೊಳ್ಳಿ.

ಬಲೆ ತನ್ನಷ್ಟಕ್ಕೆ ಕ್ಲೀನ್ ಆಗತ್ತೆ ಅಂತಾರೆ, ದರಗೆಲೆ ವಿಷಯದಲ್ಲಿ ನಿಜ, ಎಲೆ ನಿಲ್ಲಲ್ಲ. ಆದ್ರೆ ಹೆಂಚಿನ ಪಾಚಿ ನುಣ್ಣಗೆ ಹಸಿರು ಲೋಳೆ ಆಗಿ ಬಲೆ ಕಣ್ಣಿಗೆ ಅಂಟತ್ತೆ, ಅದನ್ನ ಹತ್ತು ದಿನಕ್ಕೊಮ್ಮೆ ಬಿಚ್ಚಿ ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ತಿಕ್ಕಲೇಬೇಕು. ಬಿಚ್ಚೋದು ಸುಲಭ, ಕೈಯಲ್ಲೇ ತಿರುಗಿಸಿದ್ರೆ ಬರತ್ತೆ, ತಮ್ಮನ ಹೆಂಡ್ತಿನೇ ಮಾಡ್ತಾಳೆ, ಐದು ನಿಮಿಷದ ಕೆಲಸ. ಟೆರೇಸ್ ಇದ್ದವ್ರಿಗೆ ಈ ಕಾಟ ಇರಲ್ಲ. ಕುಡಿಯೋ ನೀರು ನಾವು ಮೊದಲಿಂದ್ಲೂ ಕಾಯಿಸಿಯೇ ಕುಡಿಯೋದು, ಈಗ್ಲೂ ಹಂಗೇ, ಫಿಲ್ಟರ್ ಕಸ ಹಿಡಿಯತ್ತೆ, ರೋಗ ಹಿಡಿಯಲ್ಲ, ಅದನ್ನ ಮರೀಬೇಡಿ.

ಈಗ ಆ ಎರಡು ಸ್ಟಾರ್ ವಿಷಯ. ಮಾರೋವಾಗ ಅವ್ರು ಕ್ಯಾಲ್ಕುಲೇಟರ್ ತೆಗೆದು ತೋರ್ಸಿದ್ರು, ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಲೀಟರ್, ನಿಮ್ಮ ಮಾಡು 140 ಚದರ ಮೀಟರ್, ಮಳೆ 3000, ಗುಣಿಸಿದ್ರೆ 4,20,000 ಲೀಟರ್, ಕಾಲು ಭಾಗ ಹಾಳಾದ್ರೂ ಮೂರು ಲಕ್ಷ ಲೀಟರ್ ನಿಮ್ಮ ಬಾವಿಗೆ, ಇನ್ನು ನೀರಿನ ಚಿಂತೆನೇ ಇಲ್ಲ ಅಂತ. ಲೆಕ್ಕ ಸರಿ. ಆದ್ರೆ ಪುಷ್ಯ ಮಳೇಲಿ ನಾನು ಬಾವಿ ಹತ್ರ ನಿಂತು ನೋಡಿದಾಗ ಅರ್ಥ ಆಯ್ತು, ಬಾವಿ ಆಗ್ಲೇ ಕಟ್ಟೆವರೆಗೆ ತುಂಬಿದೆ, ಕೈಯಲ್ಲಿ ಮುಟ್ಬೋದು, ಅದಕ್ಕೆ ಇನ್ನೂ ನೀರು ಸುರಿದು ಎಂತ ಪ್ರಯೋಜನ? ಮಲೆನಾಡ ಬಾವಿ ಮಳೆಗಾಲದಲ್ಲಿ ತನ್ನಷ್ಟಕ್ಕೇ ತುಂಬತ್ತೆ. ನಮ್ಮ ಕಡೆ ಮೇಲ್ಗಡೆ ಜಂಬಿಟ್ಟಿಗೆ, ಅಂದ್ರೆ ಕೆಂಪು ಮುರಕಲ್ಲಿನ ನೆಲ, ತೂತು ತೂತು, ಕುಡಿಯೋದೂ ಬೇಗ, ಕೆಳಗೆ ಹಳ್ಳಕ್ಕೆ ಬಿಟ್ಟುಕೊಡೋದೂ ಬೇಗ. ಜುಲೈಲಿ ಹಾಕಿದ ನೀರು ಡಿಸೆಂಬರಿಗೆ ತುಂಗೆಗೆ ಸೇರಿ, ತುಂಗೆ ಭದ್ರೆ ಕೂಡೋ ಕೂಡ್ಲಿನೂ ದಾಟಿರತ್ತೆ. ಬೋರ್ ಹೋಗೋದು ಇದರ ಕೆಳಗಿನ ಗಟ್ಟಿ ಬಂಡೆಗೆ, ಅಲ್ಲಿ ಬಿರುಕು ಸಿಕ್ಕಿದ್ರೆ ನೀರು, ಇಲ್ದಿದ್ರೆ ನಮಗೆ ಬಂದಂಗೆ ಧೂಳು. ಅದೇ ನೀರಿಗೆ ಜಗತ್ತಲ್ಲೇ ಅತಿ ಹೆಚ್ಚು ಕೈ ಹಾಕಿರೋ ದೇಶ ನಮ್ದು, ಇಡೀ ಪ್ರಪಂಚ ನೆಲದೊಳಗಿಂದ ಎತ್ತೋ ನೀರಲ್ಲಿ ಸುಮಾರು ಕಾಲು ಭಾಗ ನಾವೊಬ್ಬರೇ ಎತ್ತೋದು.

ಹಾಗಾದ್ರೆ ಈ ಫಿಲ್ಟರ್ ವೇಸ್ಟಾ ಅಂದ್ರೆ ಅಲ್ಲ. ಇದು ದುಡಿಯೋದು ಎರಡು ಹೊತ್ತಲ್ಲಿ. ಒಂದು ಹಿಂಗಾರು, ಹಸ್ತ ಚಿತ್ತ ಸ್ವಾತಿ ಮಳೆ, ಆಗ ಬಾವಿ ಇಳಿಯಕ್ಕೆ ಶುರು ಆಗಿರತ್ತೆ, ಗುಡುಗಿ ಬೀಳೋ ಒಂದೊಂದು ಮಳೆನೂ ಬಾವಿ ಇಳಿಯೋದನ್ನ ತಡೆಯತ್ತೆ. ಇನ್ನೊಂದು ಏಪ್ರಿಲ್ ಮೇ ಅಡ್ಡಮಳೆ, ಬರೀ 15 ಮಿಲಿಮೀಟರ್ ಬಿದ್ರೂ 140 ಚದರ ಮೀಟರ್ ಮಾಡಿಗೆ 2100 ಲೀಟರ್, ನಮಗೆ ಎರಡು ದಿನ. ಮೊದ್ಲು ಈ ಮಳೆ ಕಾದ ಅಂಗಳಕ್ಕೆ ಬಿದ್ದು ಆವಿ ಆಗಿ ಹೋಗ್ತಿತ್ತು. ಇದನ್ನ ಮಾರೋರು ಯಾರೂ ಹೇಳಲಿಲ್ಲ, ಅವ್ರಿಗೇ ಗೊತ್ತಿಲ್ವೋ ಏನೋ.

ಜೋರು ಮಳೆಗಾಲದ ನೀರಿಗೆ ದಾರಿ ಬೇರೆ, ಅದು ಗುಡ್ಡದಲ್ಲಿ. ಮಳೆನೀರಿನ ಬಗ್ಗೆ ಬರೆಯೋ ಪತ್ರಕರ್ತ ಶ್ರೀಪಡ್ರೆಯವ್ರಂಥವ್ರು ವರ್ಷಾನುಗಟ್ಟಲೆಯಿಂದ ಹೇಳ್ತಾ ಬಂದಿದ್ದು ಅದನ್ನೇ, ನೀರು ಬಿದ್ದಲ್ಲೇ ನಿಲ್ಲಿಸಿ ಅಂತ. ಮನೆ ಹಿಂದೆ ನಮ್ಮ ಸೊಪ್ಪಿನ ಬೆಟ್ಟ, ಅಂದ್ರೆ ತೋಟಕ್ಕೆ ಸೊಪ್ಪು ತರೋ ಕಾಡು, ಇದೆ, 2024ರ ಅಕ್ಟೋಬರಲ್ಲಿ ಅಲ್ಲಿ ಇಳಿಜಾರಿಗೆ ಅಡ್ಡಲಾಗಿ ಇಪ್ಪತ್ತೆಂಟು ಇಂಗುಗುಂಡಿ ತೆಗೆಸಿದ್ವಿ, ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಜೆಸಿಬಿ ಬೇಡ ಅಂತ ಅಪ್ಪಯ್ಯ ಹಟ, ಬೇರು ಕಡಿಯತ್ತೆ ಅಂತ, ಆಳಲ್ಲೇ ತೆಗೆಸಿದ್ದು. ಅದೇ ಬೆಟ್ಟದ ಆಚೆ ಮಗ್ಗುಲಲ್ಲಿ ಅಕೇಶಿಯಾ ಪ್ಲಾಂಟೇಶನ್ ಇದೆ, ಅಲ್ಲಿ ಒಣಗಿದ ಎಲೆ ಬೇಗ ಕೊಳೆಯಲ್ಲ, ಹಾಸಿ ಬಿದ್ದಿರತ್ತೆ, ಮಳೆ ಬಂದ್ರೆ ಅದರ ಮೇಲೆ ಜಾರಿ ನೀರು ಕೆಂಪಗೆ ಓಡಿ ಬರತ್ತೆ. ನಮ್ಮ ಬೆಟ್ಟದ ಕಡೆ ಮತ್ತಿ, ನೇರಳೆ, ಹೊನ್ನೆ ಮರದ ಅಡಿ ದರಗು ಮಣ್ಣಿಗೆ ಸೇರಿ ಸ್ಪಂಜಿನಂಗೆ ಆಗಿದೆ, ಅಲ್ಲಿಂದ ಇಳಿಯೋ ನೀರಿನ ಬಣ್ಣನೇ ಬೇರೆ. ಒಂದೇ ಮಳೆ, ಒಂದೇ ಗುಡ್ಡ.

ಫಲ ಏನಾಯ್ತು ಅಂದ್ರೆ, 2025ರಲ್ಲಿ ಯುಗಾದಿಗೆ, ಅಂದ್ರೆ ಮಾರ್ಚ್ 30ಕ್ಕೆ, ನಮ್ಮ ಬಾವೀಲಿ ನಾಲ್ಕೂವರೆ ಅಡಿ ನೀರು. ಅಮ್ಮ ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ ಇಟ್ಟಿದಾಳೆ, ಪ್ರತಿ ಶನಿವಾರ ನಾನು ಬಂದ ತಕ್ಷಣ ಇಳಿಸಿ ನೆಂದ ಗಂಟು ಎಣಿಸ್ತೀವಿ. ಏಪ್ರಿಲ್ ಮೂರನೇ ವಾರಕ್ಕೆ ಎರಡು ಗಂಟಿಗೆ ಬಂದಿತ್ತು, ಬೆಳಿಗ್ಗೆ ಮಾತ್ರ ಮೋಟಾರ್ ಹಾಕ್ತಿದ್ವಿ, ಅಷ್ಟರಲ್ಲಿ ಅಡ್ಡಮಳೆ ಬಂತು, ಆಮೇಲೆ ಆ ವರ್ಷ ಮುಂಗಾರೇ ಬೇಗ, ಮೇ 24ಕ್ಕೇ ಕೇರಳ ಮುಟ್ಟಿತ್ತು. ಬಾವಿ ಪೂರ್ತಿ ಬತ್ತಲಿಲ್ಲ. ಎಲ್ಲಾ ಕ್ರೆಡಿಟ್ ಫಿಲ್ಟರಿಗೆ ಕೊಡಕ್ಕಾಗಲ್ಲ, 2024ರ ಮಳೆಗಾಲ ಚೆನ್ನಾಗಿತ್ತು. ಅದಕ್ಕೇ ಕೆಳಗಿನ ಮನೆ ಭಾವನ ಬಾವಿ ಜೊತೆ ಹೋಲಿಸಿ ನೋಡ್ದೆ, ಅದೇ ಇಳಿಜಾರು, ಆಳ ನಮ್ಮದಕ್ಕಿಂತ ಮೂರಡಿ ಜಾಸ್ತಿನೇ, ಫಿಲ್ಟರ್ ಇಲ್ಲ. ಅದು ಯುಗಾದಿ ಹೊತ್ತಿಗೆ ಕೆಸರು. ಹಂಗಾಗಿ ಒಂದು ತಿಂಗಳ ವ್ಯತ್ಯಾಸ ಆದ್ರೂ ಇದ್ರದ್ದೇ ಅಂತ ನನ್ನ ನಂಬಿಕೆ. ಇಂಗುಗುಂಡಿಯದ್ದು ಅಷ್ಟು ಬೇಗ ಗೊತ್ತಾಗಲ್ಲ, ಅವು ತೆಗೆಯೋ ಹೊತ್ತಿಗೆ ಮಳೆಗಾಲ ಮುಗಿದಿತ್ತು.

ಇದರ ಜೊತೆಗೆ ನಾವು ಇನ್ನೊಂದು ಮಾಡಿದ್ವಿ, ಅದಿಲ್ದೆ ಇದ್ರೆ ಈ ರಿವ್ಯೂ ಪ್ರಾಮಾಣಿಕ ಆಗಲ್ಲ. ತೋಟದ ನೀರನ್ನ ಮನೆ ಬಾವಿಯಿಂದ ಪೂರ್ತಿ ಬಿಡಿಸಿದ್ವಿ. ಗುಡ್ಡದ ಕಡೆ ಅರ್ಧ ಎಕರೆ ಹೊಸ ಸಸಿ ಹಾಕ್ಬೇಕು ಅಂತಿದ್ದು ಕೈಬಿಟ್ವಿ, ತಮ್ಮಂಗೆ ಬೇಜಾರಾಯ್ತು, ಈಗ್ಲೂ ಇದೆ. ಇದ್ದ ತೋಟಕ್ಕೆ ಬುಡಕ್ಕೆ ಸೊಪ್ಪು ಸಿಪ್ಪೆ ದಪ್ಪಗೆ ಮುಚ್ಚಿ, ಹಳ್ಳಕ್ಕೆ ಡಿಸೆಂಬರಲ್ಲಿ ಮೂರು ಮನೆಯವ್ರು ಸೇರಿ ಕಟ್ಟ ಹಾಕಿದ್ವಿ, ಕಲ್ಲು ಮಣ್ಣು ಮರಳಿನ ಚೀಲ ಹಾಕಿ, ಅಜ್ಜನ ಕಾಲದಲ್ಲಿ ವರ್ಷಾ ವರ್ಷಾ ಹಾಕ್ತಿದ್ದ ಜಾಗದಲ್ಲೇ. ಬೋರ್ ಬಂದ ಮೇಲೆ ಇಪ್ಪತ್ತು ವರ್ಷ ಯಾರೂ ಹಾಕಿರ್ಲಿಲ್ಲ. ಕಟ್ಟಕ್ಕೆ ದುಡ್ಡಿನ ಖರ್ಚು ಅಂದ್ರೆ ಚೀಲ ಮತ್ತೆ ಮಧ್ಯಾಹ್ನದ ಊಟ, ಫೆಬ್ರವರಿ ಕೊನೆವರೆಗೂ ನೀರು ನಿಂತಿತ್ತು, ತೋಟದ ಕೆಳಗಿನ ಸಾಲು ಅದರಲ್ಲೇ ಬದುಕ್ತು.

ಇನ್ನೊಂದು ಮಾತು, ಇದು ಸ್ವಲ್ಪ ದೊಡ್ಡ ವಿಷಯ. 2019ರಲ್ಲಿ ಶರಾವತಿ ನೀರನ್ನ ಲಿಂಗನಮಕ್ಕಿ ಅಣೆಕಟ್ಟಿಂದ ಬೆಂಗಳೂರಿಗೆ ಒಯ್ಯೋ ಸುದ್ದಿ ಬಂದಾಗ ನಮ್ಮ ಜಿಲ್ಲೆ ಬಂದ್ ಮಾಡಿ ಬೀದಿಗೆ ಇಳಿದಿತ್ತು, ನಾನೂ ಹೋಗಿದ್ದೆ. ಈಗ್ಲೂ ಆ ವಿರೋಧ ಸರಿ ಅಂತ್ಲೇ ಹೇಳ್ತೀನಿ, ಅಣೆಕಟ್ಟಿಗೆ ಮನೆ ಮಠ ಕಳ್ಕೊಂಡವ್ರು ಇನ್ನೂ ಹಕ್ಕುಪತ್ರಕ್ಕೆ ಅಲೀತಿದಾರೆ, ಅಂಥಾ ಕಣಿವೆಯಿಂದ ಇನ್ನೂ ಕೇಳೋದು ನ್ಯಾಯ ಅಲ್ಲ. ಆದ್ರೆ ಬೆಂಗಳೂರಲ್ಲಿ ಇರೋ ನನ್ನ ತಂಗಿ 2024ರ ಮಾರ್ಚಲ್ಲಿ ಟ್ಯಾಂಕರಿಗೆ ಕಾದು ಕೂತಿದ್ದಾಗ ನಾನಿಲ್ಲಿ 7000 ಮಿಲಿಮೀಟರ್ ಮಳೆ ಊರಿನ ಪಕ್ಕದಲ್ಲಿ ಪಂಚಾಯ್ತಿ ಟ್ಯಾಂಕರಿಗೆ ಕಾದು ನಿಂತಿದ್ದೆ. ಬೆಂಗಳೂರಲ್ಲಿ 2009ರಿಂದ ಮಳೆನೀರು ಕೊಯ್ಲು ಕಡ್ಡಾಯ ಅಂತ ಕಾನೂನು ಇದೆ. ಎ.ಆರ್. ಶಿವಕುಮಾರ್ ಅನ್ನೋ ವಿಜ್ಞಾನಿ ಅದೇ ಬೆಂಗಳೂರಲ್ಲಿ ವರ್ಷಾನುಗಟ್ಟಲೆ ಮಳೆನೀರಲ್ಲೇ ಮನೆ ನಡೆಸಿ ತೋರ್ಸಿದಾರೆ, ಅಲ್ಲಿನ ಮಳೆ ನಮ್ಮ ಮೂರನೇ ಒಂದು ಪಾಲೂ ಇಲ್ಲ. ನಮ್ಮ ಹೋಬಳೀಲಿ ನಾನು ಕಂಡಂಗೆ ಮಾಡಿನ ನೀರು ಹಿಡಿಯೋ ಮನೆ ಐದೋ ಆರೋ. ಮಳೆ ಜಾಸ್ತಿ ಅನ್ನೋ ಧೈರ್ಯದಲ್ಲಿ ನಾವು ನೀರನ್ನ ನೋಡ್ಕೊಳ್ಳೋದನ್ನೇ ಬಿಟ್ವಿ.

ಯಾರು ತಗೋಬೋದು ಅಂತ ಕೇಳಿದ್ರೆ, ತೆರೆದ ಬಾವಿ ಇದ್ದು ಮಾರ್ಚ್ ಏಪ್ರಿಲಲ್ಲಿ ಕೈಕೊಡ್ತಿದ್ರೆ ಖಂಡಿತ ತಗೊಳ್ಳಿ, ಬೋರಿಗೆ ಹಾಕೋ ದುಡ್ಡಿನ ಅರ್ಧಕ್ಕೆ ಆಗತ್ತೆ, ನಮ್ದು ಎರಡು ಫಿಲ್ಟರ್ ಸೇರಿ 53,500. ಫೇಲ್ ಆದ ಬೋರಿಗೆ ರೀಚಾರ್ಜ್ ಮಾಡ್ಕೊಡ್ತೀವಿ ಅಂದ್ರೆ ಎರಡು ಸಲ ಯೋಚ್ನೆ ಮಾಡಿ, ನಮ್ಮ 620 ಅಡಿ ಗುಂಡಿಗೂ ಕೇಳಿದ್ರು, ಬೇಡ ಅಂದ್ವಿ, ಕೇಸಿಂಗ್ ಬಾಯಿಗೆ ಗಟ್ಟಿ ಮುಚ್ಚಳ ಹಾಕಿ ವೆಲ್ಡ್ ಮಾಡಿಸಿದ್ವಿ, ಮಕ್ಕಳು ಓಡಾಡೋ ಜಾಗ. ಬಾವಿಗೆ ಬಿಡೋ ಪೈಪನ್ನ ನೇರ ಮೇಲಿಂದ ಸುರಿಯೋ ಹಂಗೆ ಇಡಬೇಡಿ, ತಳ ಕದಡಿ ಕೆಂಪಾಗತ್ತೆ, ನೀರಿನ ಮಟ್ಟದವರೆಗೆ ಇಳಿಸಿ ಬಾಯಿ ಗೋಡೆ ಕಡೆ ತಿರುಗಿಸಿ. ಪೈಪ್ ಬಾಯಿಗೆ ಸೊಳ್ಳೆ ಬಲೆ ಕಟ್ಟಿ. ಜಾಗ ದುಡ್ಡು ಎರಡೂ ಇದ್ರೆ 10,000 ಲೀಟರಿನ ಮುಚ್ಚಿದ ತೊಟ್ಟಿ ಒಂದು ಕಟ್ಟಿಸ್ಕೊಳ್ಳಿ, ಸ್ವಾತಿ ಮಳೇಲಿ ತುಂಬಿ ಬೀಗ ಹಾಕಿಟ್ರೆ ಕೊನೆಯ ಹತ್ತು ದಿನಕ್ಕೆ ಆಗತ್ತೆ, ನಾವು ಈ ವರ್ಷ ಅದನ್ನ ಮಾಡ್ಬೇಕು ಅಂತಿದೀವಿ.

ಕೆಳಗಿನ ಮನೆ ಭಾವ ಮೊನ್ನೆ ಬಂದು ಫಿಲ್ಟರ್ ಬಿಚ್ಚಿಸಿ ನೋಡಿ, ಬಲೆ ಮೇಲೆ ಬೆರಳಾಡಿಸಿ, "ಎರಡು ಹಾಕ್ಸಿದ್ರೆ ಸಾಕಾ ನಮ್ಮ ಮಾಡಿಗೆ" ಅಂತ ಕೇಳಿದ್ರು. ಅವ್ರದ್ದು ನಮ್ಮದಕ್ಕಿಂತ ದೊಡ್ಡ ಮಾಡು, ಮೂರು ಬೇಕಾಗ್ಬೋದು ಅಂದೆ. ಬರೋ ಭಾನುವಾರ ಅದೇ ಹುಡುಗ್ರು ಅಳತೆಗೆ ಬರ್ತಿದಾರೆ.